ಟ್ರಿಪಲ್ ಆಪ್ಷನ್ ಆಡುವ ತಂಡವನ್ನು ತಡೆಯುವುದು ಹೇಗೆ? ಶುಕ್ರವಾರ ಮಗನ ಪಂದ್ಯ

ಹೇಮಾವತಿ ತೀರ (ಅಟ್ಲಾಂಟಾ):
ಎಲ್ಲರಿಗೂ ನಮಸ್ಕಾರ. ಮಗ ಇಲ್ಲಿನ ಹೈಸ್ಕೂಲ್ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಹೊರಬದಿಯ ಲೈನ್‌ಬ್ಯಾಕರ್, ಅಂದರೆ ತಡೆಯುವ ಮುಂದಿನ ಸಾಲಿನ ಹಿಂದೆ ಅಂಚಿನ ಕಡೆ ನಿಲ್ಲುವವನು. ಶುಕ್ರವಾರದ ಎದುರಾಳಿ ಫ್ಲೆಕ್ಸ್‌ಬೋನ್ (ಓಟಕ್ಕೆಂದೇ ಆಟಗಾರರನ್ನು ನಿಲ್ಲಿಸುವ ಒಂದು ಬಗೆ) ಆಡುವ ತಂಡ. ಪಾಸ್ ಎಸೆಯುವುದೇ ಅಪರೂಪ, ಪಂದ್ಯವಿಡೀ ಟ್ರಿಪಲ್ ಆಪ್ಷನ್, ಅಂದರೆ ಚೆಂಡು ಮೂವರಲ್ಲಿ ಯಾರಿಗೆ ಎಂಬುದನ್ನು ಆಟ ನಡೆಯುತ್ತಿರುವಾಗಲೇ ತೀರ್ಮಾನಿಸುವುದು. ಕಳೆದ ವರ್ಷ ಇದೇ ತಂಡದ ಎದುರು ನಮ್ಮ ಹುಡುಗರು ಕಂಗೆಟ್ಟು ಹೋದರು. ಅವರ ಫುಲ್‌ಬ್ಯಾಕ್ (ಹಿಂದಿನ ಸಾಲಿನ ನಡುವಿನ ಓಟಗಾರ) ನಡುವೆ ನುಗ್ಗಿದ, ನಾಲ್ವರು ಅವನ ಮೇಲೆ ಬಿದ್ದರು. ಎದ್ದು ನೋಡಿದರೆ ಅವನ ಕೈಯಲ್ಲಿ ಚೆಂಡೇ ಇಲ್ಲ. ಚೆಂಡು ಹಂಚುವ ಆಟಗಾರನಾದ ಕ್ವಾರ್ಟರ್‌ಬ್ಯಾಕ್ ಅಷ್ಟರಲ್ಲಿ ಅಂಚಿನ ಗೆರೆಯ ಪಕ್ಕದಲ್ಲಿ ಓಡುತ್ತಿದ್ದ.

ಕೋಚ್ ಹೇಳುವುದು ಒಂದೇ ಮಾತು: ನಿನ್ನ ಪಾಲಿನವನನ್ನು ಹಿಡಿ, ಚೆಂಡಿನ ಯೋಚನೆ ಬಿಡು. ಮಗ ಕೇಳುತ್ತಾನೆ: "ನನ್ನ ಪಾಲಿನವನಿಗೆ ಚೆಂಡು ಬರದೇ ಹೋದರೆ ಪಂದ್ಯ ಮುಗಿಯುವವರೆಗೂ ಸುಮ್ಮನೆ ನಿಂತಿರಬೇಕೇ?" ಬಲ್ಲವರು ಉತ್ತರ ಕೊಡಿ.

ಟೆಕ್ಸಾಸ್ ಕನ್ನಡಿಗ:
ನಿಂತಿರಬೇಕು. ಅದೇ ಉತ್ತರ.

ಈ ಆಟದಲ್ಲಿ ಚೆಂಡು ಮೂರು ದಾರಿಗಳಲ್ಲಿ ಹೋಗಬಹುದು. ಮೊದಲನೆಯದು ಡೈವ್, ಅಂದರೆ ಫುಲ್‌ಬ್ಯಾಕ್ ನಡುವೆ ನುಗ್ಗುವುದು. ಎರಡನೆಯದು, ಕ್ವಾರ್ಟರ್‌ಬ್ಯಾಕ್ ತಾನೇ ಇಟ್ಟುಕೊಂಡು ಓಡುವುದು. ಮೂರನೆಯದು ಪಿಚ್, ಹೊರಗೆ ಜೊತೆಯಲ್ಲೇ ಓಡುತ್ತಿರುವ ಇನ್ನೊಬ್ಬನಿಗೆ ಎಸೆಯುವುದು. ಆಕ್ರಮಣದವರು ಉದ್ದೇಶಪೂರ್ವಕವಾಗಿ ನಿಮ್ಮ ಇಬ್ಬರು ಆಟಗಾರರನ್ನು ಬ್ಲಾಕ್ ಮಾಡದೆ (ಮೈಯಿಂದ ಅಡ್ಡಗಟ್ಟದೆ) ಬಿಡುತ್ತಾರೆ. ಒಳಗಿನವನು ಫುಲ್‌ಬ್ಯಾಕ್ ಕಡೆ ತಿರುಗಿದರೆ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಎಳೆದುಕೊಳ್ಳುತ್ತಾನೆ. ಹೊರಗಿನವನು ಕ್ವಾರ್ಟರ್‌ಬ್ಯಾಕ್ ಮೇಲೆ ಬಂದರೆ ಪಿಚ್ ಮಾಡುತ್ತಾನೆ. ಬ್ಲಾಕ್ ಮಾಡದೆ ಬಿಟ್ಟವರನ್ನು ಅವರದೇ ನಡೆಯಿಂದ ಸೋಲಿಸುವುದು ಈ ಆಟದ ಜೀವಾಳ. ಹಾಗಾಗಿ ಡೈವ್‌ಗೆ ಒಬ್ಬ, ಕ್ವಾರ್ಟರ್‌ಬ್ಯಾಕ್‌ಗೆ ಒಬ್ಬ, ಪಿಚ್‌ಗೆ ಒಬ್ಬ ಎಂದು ಮೊದಲೇ ಹಂಚಿಡಬೇಕು. ನಿಮ್ಮ ಮಗ ನಿಂತಲ್ಲಿ ನಿಂತರೆ ಚೆಂಡು ಅವನ ಕಡೆ ಬರುವುದಿಲ್ಲ. ಬರದಂತೆ ನೋಡಿಕೊಂಡದ್ದೇ ಅವನ ಕೆಲಸ, ಅದು ಅಂಕಪಟ್ಟಿಯಲ್ಲಿ ಕಾಣುವುದಿಲ್ಲ ಅಷ್ಟೆ.

ಲಿಂಕನ್ ನಿವಾಸಿ:
ಟೆಕ್ಸಾಸ್‌ನವರು ಹೇಳಿದ್ದು ಪಾಠದ ಮೊದಲ ಪುಟ. ನಾನಿರುವುದು ನೆಬ್ರಾಸ್ಕಾದಲ್ಲಿ. ಕಾಲೇಜು ತಂಡದ ಹಳೆಯ ಕೋಚ್ ಟಾಮ್ ಆಸ್ಬರ್ನ್ ಅವರ ಆಪ್ಷನ್ ಕಾಲದ ಮಾತು ಇಲ್ಲಿ ಇನ್ನೂ ಮನೆಮನೆಯಲ್ಲಿ ನಡೆಯುತ್ತದೆ. 1996ರ ಜನವರಿ 2ರ ಫಿಯೆಸ್ಟಾ ಬೌಲ್‌ನಲ್ಲಿ (ಬೌಲ್ ಎಂದರೆ ಕಾಲೇಜು ಋತುವಿನ ಕೊನೆಯ ದೊಡ್ಡ ಪಂದ್ಯ) ನೆಬ್ರಾಸ್ಕಾ 62, ಫ್ಲೋರಿಡಾ 24. ನೆಬ್ರಾಸ್ಕಾದ ಕ್ವಾರ್ಟರ್‌ಬ್ಯಾಕ್ ಟಾಮಿ ಫ್ರೇಜಿಯರ್ ಒಬ್ಬನೇ 199 ಗಜ ಓಡಿದ. ಅದರಲ್ಲಿ 75 ಗಜದ ಒಂದೇ ಓಟವಿದೆ. ಆ ಓಟವನ್ನು ಮತ್ತೆ ಹಾಕಿ ನೋಡಿ. ಫ್ಲೋರಿಡಾದವರು ಅವನ ಬಳಿ ತಲುಪಲಿಲ್ಲವೇ? ತಲುಪಿದರು, ಕೈಯನ್ನೂ ಹಾಕಿದರು. ಒಬ್ಬರಾದ ಮೇಲೆ ಒಬ್ಬರು ಜಾರಿ ಬಿದ್ದರು. ಹೊಣೆ ಹಂಚಿಕೊಂಡ ಮಾತ್ರಕ್ಕೆ ಏನೂ ಆಗುವುದಿಲ್ಲ, ಒಂಟಿಯಾಗಿ ಒಬ್ಬನನ್ನು ಕೆಡವುವ ಶಕ್ತಿ ಬೇಕು.

ಇನ್ನು ನಿಮ್ಮ ಮಗನಿಗೆ ಕ್ವಾರ್ಟರ್‌ಬ್ಯಾಕ್ ಪಾಲಿಗೆ ಬಂದಿದ್ದರೆ ಹೇಳಿ: ಅವನ ಮೇಲೆ ಹಾರಬಾರದು. ಭುಜಗಳು ಆಟದ ಗೆರೆಗೆ (ಆಟ ಶುರುವಾಗುವಾಗ ಚೆಂಡಿರುವ ಅಡ್ಡಗೆರೆ) ಸಮಾನಾಂತರವಾಗಿರಲಿ. ಕಾಲುಗಳನ್ನು ಅಡ್ಡ ಹಾಕದೆ ಬದಿಗೆ ಸಣ್ಣ ಹೆಜ್ಜೆ ಇಡುತ್ತಾ ಸರಿಯಲಿ. ಕಣ್ಣು ಕ್ವಾರ್ಟರ್‌ಬ್ಯಾಕ್‌ನ ಸೊಂಟದ ಮೇಲಿರಲಿ, ತಲೆಯ ಮೇಲೂ ಬೇಡ, ಚೆಂಡಿನ ಮೇಲೂ ಬೇಡ. ಅವನು ಒಂದು ಕ್ಷಣ ತಡವರಿಸಿದರೆ ಸಾಕು, ಒಳಗಿನಿಂದ ಲೈನ್‌ಬ್ಯಾಕರ್, ಹಿಂದಿನಿಂದ ಸೇಫ್ಟಿ (ಎಲ್ಲರಿಗಿಂತ ಹಿಂದೆ ನಿಲ್ಲುವ ರಕ್ಷಕ) ಬಂದು ಸೇರುತ್ತಾರೆ. ನಿಮ್ಮ ಮಗ ಹಾರಿದನೋ, ಆ ಗಳಿಗೆಯಲ್ಲೇ ಪಿಚ್.

ಕಾಫಿ ತೋಟ:
ಇಬ್ಬರ ಮಾತನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ಪ್ರತಿ ಸಲವೂ ಅದೇ ಆಟಗಾರ ಅದೇ ಕೆಲಸ ಮಾಡಿದರೆ ಕ್ವಾರ್ಟರ್‌ಬ್ಯಾಕ್‌ಗೆ ಅದಕ್ಕಿಂತ ಸುಲಭದ ಓದು (ಎದುರಾಳಿಯ ನಡೆ ನೋಡಿ ತೀರ್ಮಾನಿಸುವುದು) ಇನ್ನೊಂದಿಲ್ಲ. ಅವನಿಗೆ ತಪ್ಪು ಚಿತ್ರ ತೋರಿಸಬೇಕು.

ಉದಾಹರಣೆಗೆ ಸ್ಕ್ರೇಪ್. ಡಿಫೆನ್ಸಿವ್ ಎಂಡ್, ಅಂದರೆ ತಡೆಯುವ ಮುಂದಿನ ಸಾಲಿನ ತುದಿಯವನು, ಬೇಕೆಂದೇ ಫುಲ್‌ಬ್ಯಾಕ್ ಮೇಲೆ ಒಳಕ್ಕೆ ನುಗ್ಗುತ್ತಾನೆ. ಅದನ್ನು ಕಂಡ ಕ್ವಾರ್ಟರ್‌ಬ್ಯಾಕ್ "ಹೊರಗೆ ಜಾಗ ಖಾಲಿ" ಎಂದು ಚೆಂಡನ್ನು ಎಳೆದುಕೊಂಡು ತಿರುಗುತ್ತಾನೆ. ಆದರೆ ಎಂಡ್‌ನ ಬೆನ್ನ ಹಿಂದಿನಿಂದ ಲೈನ್‌ಬ್ಯಾಕರ್ ಆಗಲೇ ಹೊರಗೆ ಸರಿದು ಕಾಯುತ್ತಿರುತ್ತಾನೆ. ಓದು ಸರಿಯಾಗಿಯೇ ಇತ್ತು, ಫಲ ಮಾತ್ರ ನಷ್ಟ. ಒಂದು ಸಲ ಹೀಗೆ ಏಟು ತಿಂದ ಕ್ವಾರ್ಟರ್‌ಬ್ಯಾಕ್ ಮುಂದಿನ ಸಲ ಅರ್ಧ ಕ್ಷಣ ಅನುಮಾನಿಸುತ್ತಾನೆ. ನಮಗೆ ಬೇಕಾದದ್ದು ಆ ಅರ್ಧ ಕ್ಷಣ.

ಇತಿಹಾಸವೂ ಇದನ್ನೇ ಹೇಳುತ್ತದೆ. 1968ರಲ್ಲಿ ಎಮೊರಿ ಬೆಲ್ಲಾರ್ಡ್ ಟೆಕ್ಸಾಸ್ ಕಾಲೇಜು ತಂಡಕ್ಕೆ ವಿಷ್‌ಬೋನ್ (ಫ್ಲೆಕ್ಸ್‌ಬೋನ್‌ನ ಹಿಂದಿನ ರೂಪ) ತಂದರು, ಡಾರೆಲ್ ರಾಯಲ್ ಮುಖ್ಯ ಕೋಚ್. ಸತತ 30 ಗೆಲುವು. ಅದು ನಿಂತದ್ದು 1971ರ ಜನವರಿ 1ರ ಕಾಟನ್ ಬೌಲ್‌ನಲ್ಲಿ, ನೋಟರ್ ಡೇಮ್ 24-11. ನೋಟರ್ ಡೇಮ್ ಕೋಚ್ ಆರಾ ಪಾರ್ಸೇಗಿಯನ್ ವಿಷ್‌ಬೋನ್‌ನ ಹಿಂದಿನ ಸಾಲಿಗೆ ಕನ್ನಡಿ ಹಿಡಿದ ಹಾಗೆ ತಮ್ಮ ಆಟಗಾರರನ್ನು ನಿಲ್ಲಿಸಿದರು. ಅದುವರೆಗೆ ಟೆಕ್ಸಾಸ್ ಅಂಥದ್ದನ್ನು ಎದುರಿಸಿರಲಿಲ್ಲ. ಹೊಸ ಚಿತ್ರ ಬೇಕು ಎನ್ನುವುದು ಇದಕ್ಕೇ.

ಟೆಕ್ಸಾಸ್ ಕನ್ನಡಿಗ:
ಆ ಪಂದ್ಯದಲ್ಲಿ ಟೆಕ್ಸಾಸ್‌ನವರು ಚೆಂಡನ್ನು ಎಷ್ಟು ಬಾರಿ ಕೈಬಿಟ್ಟರು ಎಂಬುದನ್ನೂ ಸೇರಿಸಿ ಹೇಳಿ ಸ್ವಾಮಿ. ಬರೀ ಕನ್ನಡಿಯಿಂದ ಗೆಲುವು ಬರಲಿಲ್ಲ.

ಕಾಫಿ ತೋಟ:
ಅನುಮಾನಿಸುವ ಕೈಯಿಂದಲೇ ಚೆಂಡು ಜಾರುವುದು. ನನ್ನ ಮಾತಿಗೆ ನೀವೇ ಸಾಕ್ಷಿ ಕೊಟ್ಟಿರಿ.

ಸುಮಾ, ಡಲ್ಲಾಸ್:
ನೀವೆಲ್ಲ 1971ರಲ್ಲಿ ಇದ್ದೀರಿ, ಶುಕ್ರವಾರ ಆಡಬೇಕಾದವರು ಹದಿನಾರರ ಹುಡುಗರು. ವಾರದಲ್ಲಿ ಅವರಿಗೆ ಸಿಗುವ ಅಭ್ಯಾಸ ಮೂರು ಸಂಜೆ. ಅಷ್ಟರಲ್ಲಿ ಐದು ಬಗೆಯ ಚಿತ್ರ ಕಲಿಸಿದರೆ ತಪ್ಪು ಚಿತ್ರ ನೋಡುವವರು ನಮ್ಮ ಹುಡುಗರೇ.

ನನ್ನ ಚಿಂತೆ ಮೊಣಕಾಲಿನದು. ಈ ಆಪ್ಷನ್ ತಂಡಗಳು ಕಾಲಿಗೇ ಬಿದ್ದು ಬ್ಲಾಕ್ ಮಾಡುತ್ತವೆ. ಅದಕ್ಕೆ ಏನು ಅಭ್ಯಾಸ ಮಾಡಿಸುತ್ತಿದ್ದಾರೆ ಎಂದು ಕೋಚ್‌ರನ್ನು ಮೊದಲು ಕೇಳಿ ಅಣ್ಣ.

ಟೆಕ್ಸಾಸ್ ಕನ್ನಡಿಗ:
ಮೇಡಂ, ಆ ನಿಯಮ ಬದಲಾಗಿದೆ. 2018ರಲ್ಲಿ ಆಟದ ಗೆರೆಯಿಂದ 5 ಗಜದಾಚೆ ಸೊಂಟದ ಕೆಳಗಿನ ಬ್ಲಾಕ್ ನಿಷೇಧಿಸಿದರು. 2022ರಿಂದ ಲೈನ್‌ಮನ್‌ಗಳು (ಮುಂದಿನ ಸಾಲಿನವರು) ಮತ್ತು ಅಲುಗದೆ ನಿಂತಿದ್ದ ಬ್ಯಾಕ್‌ಗಳು (ಹಿಂದಿನ ಸಾಲಿನವರು) ಮಾತ್ರ, ಅದೂ ಟ್ಯಾಕಲ್ ಬಾಕ್ಸ್ (ಚೆಂಡಿನ ಸುತ್ತಲಿನ ಚೌಕ) ಒಳಗೆ ಮಾತ್ರ ಹಾಗೆ ಮಾಡಬಹುದು. ಬಯಲಿನಲ್ಲಿ ಓಡುತ್ತಾ ಬಂದು ಕಾಲಿಗೆ ಬೀಳುವ ಹಾಗಿಲ್ಲ.

ಸೀಟಿ:
ನಾನು ಹೈಸ್ಕೂಲ್ ಪಂದ್ಯಗಳಲ್ಲಿ ಅಂಪೈರ್ ಆಗಿ ನಿಲ್ಲುವವನು. ಮೇಲಿನದು ಕಾಲೇಜು ನಿಯಮ. ಟೆಕ್ಸಾಸ್ ಹೈಸ್ಕೂಲ್‌ಗಳು ಕಾಲೇಜು ನಿಯಮವನ್ನೇ ಅನುಸರಿಸುತ್ತವೆ, ಆದ್ದರಿಂದ ಅವರಿಗೆ ಹಾಗೆ ತೋರಿರಬಹುದು. ಅಟ್ಲಾಂಟಾ ಇರುವ ಜಾರ್ಜಿಯಾದಲ್ಲಿ ನಡೆಯುವುದು ರಾಷ್ಟ್ರೀಯ ಹೈಸ್ಕೂಲ್ ಒಕ್ಕೂಟದ ನಿಯಮ. ಚೆಂಡು ಇಟ್ಟ ಜಾಗದಿಂದ ಎರಡೂ ಪಕ್ಕಕ್ಕೆ 4 ಗಜ, ಗೆರೆಯ ಎರಡೂ ಕಡೆ 3 ಗಜ, ಇಷ್ಟೇ ಚೌಕ. ಅದರೊಳಗೆ ಗೆರೆಯ ಮೇಲಿದ್ದವರು ಮಾತ್ರ, ಅದೂ ಸ್ನ್ಯಾಪ್ (ಆಟ ಶುರುಮಾಡಲು ಚೆಂಡನ್ನು ಹಿಂದಕ್ಕೆ ಕೊಡುವುದು) ಆದ ತಕ್ಷಣವೇ ಸೊಂಟದ ಕೆಳಗೆ ಬ್ಲಾಕ್ ಮಾಡಬಹುದು. 2021ರಿಂದ "ತಕ್ಷಣ" ಎಂಬ ಷರತ್ತು ಸೇರಿದೆ. ಹೊರಬದಿಯ ಲೈನ್‌ಬ್ಯಾಕರ್ ಸಾಮಾನ್ಯವಾಗಿ ಆ ಚೌಕದ ಆಚೆಗೇ ಇರುತ್ತಾನೆ. ಅಲ್ಲಿ ಕಾಲಿಗೆ ಬಿದ್ದರೆ ತಪ್ಪು ಎಂದು ನಾವು ಬಾವುಟ ಎಸೆಯುತ್ತೇವೆ.

ಆದರೂ ಕಲಿಯಲೇಬೇಕಾದ್ದು ಒಂದಿದೆ. ಕಾಲಿಗೆ ಬೀಳುವವನ ಹೆಲ್ಮೆಟ್ ಮತ್ತು ಭುಜದ ಮೇಲೆ ಎರಡೂ ಅಂಗೈ ಇಟ್ಟು ಕೆಳಕ್ಕೆ ಒತ್ತಬೇಕು. ಸೊಂಟವನ್ನೂ ಪಾದಗಳನ್ನೂ ಹಿಂದಕ್ಕೆ ಎಳೆದುಕೊಳ್ಳಬೇಕು. ಅವನು ನೆಲಕ್ಕೆ ಬಿದ್ದ, ನೀವು ನಿಂತಿದ್ದೀರಿ, ಅಷ್ಟೇ ಬೇಕಾದದ್ದು.

ಸುಮಾ, ಡಲ್ಲಾಸ್:
ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ ಸರ್. ಇಲ್ಲಿನ ಪೋಷಕರ ಗುಂಪಿಗೂ ಕಳುಹಿಸುತ್ತೇನೆ.

ಮೈಸೂರು ಮಾವ:
ನಾನು ಮೈಸೂರಿನಲ್ಲಿ ಕುಳಿತು ಅಳಿಯನ ಪಂದ್ಯ ನೋಡುವವನು. ಅಟ್ಲಾಂಟಾದಲ್ಲಿ ಶುಕ್ರವಾರ ರಾತ್ರಿ ಏಳೂವರೆ ಎಂದರೆ ನಮಗೆ ಶನಿವಾರ ಬೆಳಗಿನ ಐದು. ಹಾಲು ಬರುವ ಹೊತ್ತಿಗೆ ಎರಡನೇ ಕ್ವಾರ್ಟರ್. ನೋಡಿ ನೋಡಿ ಅನ್ನಿಸಿದ್ದು, ಇದು ನಮ್ಮ ಕಬಡ್ಡಿಯೇ. ರೈಡರ್ ಬಂದಾಗ ಮೂಲೆಯವನು ದುಡುಕಿದರೆ ಕಥೆ ಮುಗಿಯಿತು.

ಕಾಫಿ ತೋಟ:
ಮೂಲೆಯವನ ಮಟ್ಟಿಗೆ ನಿಜ. ಆದರೆ ಕಬಡ್ಡಿಯಲ್ಲಿ ಒಬ್ಬ ಹಿಡಿದ ಕೂಡಲೇ ಉಳಿದವರೆಲ್ಲ ಮೇಲೆ ಬೀಳುತ್ತಾರೆ, ಅದೇ ಬಲ. ಇಲ್ಲಿ ಎಲ್ಲರೂ ಒಬ್ಬನ ಮೇಲೆ ಬಿದ್ದರೆ ಉಳಿದ ಇಬ್ಬರು ಬಿಡುಗಡೆ. ಹೇಮಾವತಿಯವರು ಕಳೆದ ವರ್ಷ ನೋಡಿದ್ದು ಅದನ್ನೇ.

ಮೈಸೂರು ಮಾವ:
ರೈಡರ್ ಒಬ್ಬನೇ ಇರುತ್ತಾನೆ, ಇಲ್ಲಿ ಮೂವರಲ್ಲಿ ಯಾರು ರೈಡರ್ ಎಂಬುದೇ ತಿಳಿಯುವುದಿಲ್ಲ. ಆ ವ್ಯತ್ಯಾಸ ಒಪ್ಪಿದೆ. ದುಡುಕಬಾರದು ಎನ್ನುವುದನ್ನು ಮಾತ್ರ ಬಿಟ್ಟುಕೊಡುವುದಿಲ್ಲ.

ಬಿಸಿಲುನಾಡು:
ಇಷ್ಟು ಒಳ್ಳೆಯ ಆಟವಾದರೆ ವೃತ್ತಿಪರರ ಎನ್‌ಎಫ್‌ಎಲ್‌ನಲ್ಲಿ ಯಾಕೆ ಆಡುವುದಿಲ್ಲ?

ಲಿಂಕನ್ ನಿವಾಸಿ:
ಕೋಟ್ಯಂತರ ಡಾಲರ್ ಸಂಬಳದ ಕ್ವಾರ್ಟರ್‌ಬ್ಯಾಕ್ ಪ್ರತಿ ಆಟದಲ್ಲೂ ಏಟು ತಿನ್ನಲಿ ಎಂದು ಯಾವ ಮಾಲೀಕ ಒಪ್ಪುತ್ತಾನೆ? ಅಲ್ಲಿ ಕಾಣುವುದು ಅದರ ತಮ್ಮ, ಜೋನ್ ರೀಡ್, ಅಂದರೆ ಅಂಚಿನ ಒಬ್ಬನನ್ನು ಓದಿ ಚೆಂಡನ್ನು ಕೊಡುವುದು ಇಲ್ಲವೇ ಇಟ್ಟುಕೊಳ್ಳುವುದು. 2013ರ ಜನವರಿಯ ಪ್ಲೇಆಫ್‌ನಲ್ಲಿ ಗ್ರೀನ್ ಬೇ ಎದುರು ಸ್ಯಾನ್ ಫ್ರಾನ್ಸಿಸ್ಕೊದ ಕ್ವಾರ್ಟರ್‌ಬ್ಯಾಕ್ ಕಾಲಿನ್ ಕೆಪರ್ನಿಕ್ 181 ಗಜ ಓಡಿದ. ಗ್ರೀನ್ ಬೇ ಪ್ಯಾಕರ್ಸ್‌ನ ಅಂಚಿನ ಆಟಗಾರರು ಮತ್ತೆ ಮತ್ತೆ ಒಳಕ್ಕೆ ಸೆಳೆಯಲ್ಪಟ್ಟರು, ಹೊರಗೆ ಕಾಯುವವರೇ ಇರಲಿಲ್ಲ. 45-31ರಿಂದ ಸ್ಯಾನ್ ಫ್ರಾನ್ಸಿಸ್ಕೊ ಗೆದ್ದಿತು.

ಕಾಫಿ ತೋಟ:
ಅದಕ್ಕಿಂತ ನನಗೆ ಇಷ್ಟವಾದ ಉತ್ತರ 2019ರ ಜನವರಿಯಲ್ಲಿ ಚಾರ್ಜರ್ಸ್ ತಂಡ ಕೊಟ್ಟದ್ದು. ಕೆಲವೇ ವಾರಗಳ ಹಿಂದೆ ಓಡುವ ಕ್ವಾರ್ಟರ್‌ಬ್ಯಾಕ್ ಲಾಮಾರ್ ಜಾಕ್ಸನ್‌ನ ಬಾಲ್ಟಿಮೋರ್ ಎದುರು 22-10ರಿಂದ ಸೋತಿದ್ದರು. ಪ್ಲೇಆಫ್‌ನಲ್ಲಿ ಅದೇ ತಂಡ ಎದುರಾದಾಗ ಲೈನ್‌ಬ್ಯಾಕರ್‌ಗಳನ್ನು ಬದಿಗಿಟ್ಟು, ಬಹುತೇಕ ಇಡೀ ಪಂದ್ಯ ಏಳು ಡಿಫೆನ್ಸಿವ್ ಬ್ಯಾಕ್‌ಗಳನ್ನು (ಹಿಂಭಾಗ ಕಾಯುವ ವೇಗದವರು) ಕಣಕ್ಕಿಳಿಸಿದರು. ಓಟದ ತಂಡದ ಎದುರು ಹಗುರ ಆಟಗಾರರು! ತಲೆಕೆಳಗು ಎನ್ನಿಸುತ್ತದೆ. ಆದರೆ ಆಪ್ಷನ್‌ನಲ್ಲಿ ತೂಕಕ್ಕಿಂತ ಅಂಚಿಗೆ ಮೊದಲು ತಲುಪುವುದು ಮುಖ್ಯ. 23-17ಕ್ಕೆ ಗೆದ್ದು ಬಂದರು.

ಟೆಕ್ಸಾಸ್ ಕನ್ನಡಿಗ:
ವೇಗದ ಮಾತು ಬಂದರೆ ಮಯಾಮಿ ಕಾಲೇಜು ತಂಡವನ್ನು ಬಿಡುವಂತಿಲ್ಲ. ಕೋಚ್ ಬ್ಯಾರಿ ಸ್ವಿಟ್ಜರ್‌ರ ಒಕ್ಲಹೋಮಾ ವಿಷ್‌ಬೋನ್‌ನಲ್ಲಿ ಎಲ್ಲರನ್ನೂ ತುಳಿಯುತ್ತಿದ್ದ ಕಾಲ. 1985ರಲ್ಲಿ 27-14, 1986ರಲ್ಲಿ 28-16, ಮತ್ತೆ 1988ರ ಜನವರಿ 1ರ ಆರೆಂಜ್ ಬೌಲ್‌ನಲ್ಲಿ 20-14. ಮೂರೂ ಸಲ ಜಿಮ್ಮಿ ಜಾನ್ಸನ್‌ರ ಮಯಾಮಿ ಗೆದ್ದಿತು. 1985ರಲ್ಲಿ ಒಕ್ಲಹೋಮಾ ಆ ಒಂದು ಸೋಲಿನ ನಂತರವೂ ರಾಷ್ಟ್ರೀಯ ಚಾಂಪಿಯನ್ ಆಯಿತು. ಅಂಥ ತಂಡವನ್ನು ಮಯಾಮಿ ಹಿಡಿದದ್ದು ಮಾಯೆಯ ಚಿತ್ರಗಳಿಂದಲ್ಲ ತೋಟದವರೇ, ತಮ್ಮ ತಮ್ಮ ಕೆಲಸ ಮಾಡಿ ಚೆಂಡಿನತ್ತ ಓಡುವ ಹುಡುಗರಿಂದ.

ಕಾಫಿ ತೋಟ:
ಮಯಾಮಿಯ ವೇಗ ಯಾವ ಹೈಸ್ಕೂಲ್‌ಗೆ ಇದೆ? ಅದಿಲ್ಲದವರಿಗೇ ಉಪಾಯ ಬೇಕಾಗುವುದು.

ಹೇಮಾವತಿ ತೀರ (ಅಟ್ಲಾಂಟಾ):
ಎಲ್ಲರ ಉತ್ತರಗಳನ್ನೂ ಮಗನಿಗೆ ಓದಿ ಹೇಳುತ್ತಿದ್ದೇನೆ. ಅವನಿಗೆ ಕೊಟ್ಟಿರುವ ಪಾಲು ಕ್ವಾರ್ಟರ್‌ಬ್ಯಾಕ್, ಪಿಚ್‌ಗೆ ಸೇಫ್ಟಿ. ಅವನ ಇನ್ನೊಂದು ಪ್ರಶ್ನೆ: ಪಕ್ಕದಲ್ಲಿ ನಿಲ್ಲುವ ಸಣ್ಣ ಬ್ಯಾಕ್ ಸ್ನ್ಯಾಪ್‌ಗೆ ಮೊದಲೇ ಆ ಕಡೆಯಿಂದ ಈ ಕಡೆಗೆ ಓಡಲು ಶುರು ಮಾಡುತ್ತಾನೆ. ಅವನ ಹಿಂದೆ ನಾವೂ ಸರಿಯಬೇಕೇ?

ಲಿಂಕನ್ ನಿವಾಸಿ:
ಅವನೇ ಪಿಚ್‌ನವನು. ಫುಲ್‌ಬ್ಯಾಕ್ ಹಿಂದೆ ಹಾದು ಯಾವ ಕಡೆ ಹೊರಟನೋ ಆಟ ಸಾಮಾನ್ಯವಾಗಿ ಆ ಕಡೆಗೇ. ಸೇಫ್ಟಿಗಳು ಒಂದೆರಡು ಹೆಜ್ಜೆ ಸರಿಯಲಿ, ಅದಕ್ಕಿಂತ ಹೆಚ್ಚು ಬೇಡ. ನೀವು ಪೂರ್ತಿ ಸರಿದದ್ದನ್ನು ಕಂಡರೆ ಮುಂದಿನ ಸಲ ಅವನನ್ನು ಅರ್ಧ ದಾರಿಯಿಂದ ವಾಪಸು ಕಳುಹಿಸಿ ಖಾಲಿಯಾದ ಬದಿಗೆ ಓಡುತ್ತಾರೆ.

ಮಗನಿಗೆ ಇನ್ನೊಂದು ಎಚ್ಚರಿಕೆ. ಕ್ವಾರ್ಟರ್‌ಬ್ಯಾಕ್‌ನನ್ನು ನೋಡುತ್ತಾ ನಿಂತಾಗ ಆ ಕಡೆಯ ಬ್ಯಾಕ್ ಅವನನ್ನು ದಾಟಿ ಸೇಫ್ಟಿಯನ್ನು ತಡೆಯಲು ಸುತ್ತು ಹಾಕಿ ಹೋಗುತ್ತಾನೆ. ಹೋಗುವಾಗ ಮಗ ಆ ಬ್ಯಾಕ್‌ನ ಎದೆಗೆ ಕೈ ಕೊಟ್ಟು ಅಡ್ಡಿಪಡಿಸಲಿ. ಸೇಫ್ಟಿಗೆ ಒಂದು ಹೆಜ್ಜೆ ಸಿಕ್ಕರೆ ಪಿಚ್ ಮೂರು ಗಜದಲ್ಲಿ ನಿಲ್ಲುತ್ತದೆ, ಸಿಗದಿದ್ದರೆ ಮೂವತ್ತು.

ಜಾರ್ಜಿಯಾ ಟೆಕ್ ಹಳೆಯ ವಿದ್ಯಾರ್ಥಿ:
ಕೋಚ್ ಪಾಲ್ ಜಾನ್ಸನ್ 2008ರಿಂದ 2018ರವರೆಗೆ ನಮ್ಮಲ್ಲಿ ಇದ್ದರು, ಆಪ್ಷನ್ ನನಗೆ ಅಲ್ಲಿಂದ ಪರಿಚಯ. ಯಾರೂ ಹೇಳದ ಮಾತು ಒಂದಿದೆ: ನಿಮ್ಮನ್ನು ಸಾಯಿಸುವುದು ಓಟವಲ್ಲ, ಪಾಸ್. 2009ರಲ್ಲಿ ನಮ್ಮ ರಿಸೀವರ್ (ಪಾಸ್ ಹಿಡಿಯುವವನು) ಡಿಮೇರಿಯಸ್ ಥಾಮಸ್ ಹಿಡಿದದ್ದು 46 ಪಾಸ್, ಗಳಿಸಿದ್ದು 1,154 ಗಜ. ಒಂದಕ್ಕೆ 25 ಗಜದ ಮೇಲೆ! ಪಂದ್ಯದ ಅರ್ಧ ಹೊತ್ತು ಪಿಚ್‌ನತ್ತ ಓಡಿ ಓಡಿ ಅಭ್ಯಾಸವಾದ ಸೇಫ್ಟಿ ಒಂದು ಸಲ ಮುಂದೆ ಹೆಜ್ಜೆ ಇಟ್ಟಾಗ ಅವನ ತಲೆಯ ಮೇಲಿನಿಂದ ಚೆಂಡು ಹಾರುತ್ತದೆ. ರಿಸೀವರ್‌ನನ್ನು ಕಾಯುವ ಕಾರ್ನರ್‌ಬ್ಯಾಕ್‌ಗೆ ಕಟ್ಟಪ್ಪಣೆ ಮಾಡಿ: ತನ್ನ ರಿಸೀವರ್ ಬ್ಲಾಕ್ ಮಾಡಲು ಬಂದದ್ದು ಖಾತ್ರಿಯಾಗುವವರೆಗೆ ಅವನು ಹಿಂಭಾಗ ಬಿಟ್ಟು ಕದಲಬಾರದು.

ತಯಾರಿಗೆ ಹೆಚ್ಚು ದಿನ ಸಿಕ್ಕರೆ ಆಪ್ಷನ್ ಸೋಲುತ್ತದೆ ಎಂಬ ಮಾತನ್ನೂ ಸದಾ ಕೇಳುತ್ತೇವೆ. 2008ರ ಡಿಸೆಂಬರ್ 31ರಂದು ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್) ನಮ್ಮನ್ನು 38-3ಕ್ಕೆ ಮುಗಿಸಿತು. 2010ರ ಜನವರಿಯ ಆರೆಂಜ್ ಬೌಲ್‌ನಲ್ಲಿ ಅಯೋವಾ 24-14. ಸರಿ. ಆದರೆ 2014ರ ಡಿಸೆಂಬರ್ 31ರ ಆರೆಂಜ್ ಬೌಲ್‌ಗೆ ಮಿಸಿಸಿಪಿ ಸ್ಟೇಟ್‌ಗೂ ಅಷ್ಟೇ ದಿನಗಳಿದ್ದವು, ನಾವು 49-34ಕ್ಕೆ ಗೆದ್ದೆವು. ಎಲ್‌ಎಸ್‌ಯು ಮತ್ತು ಅಯೋವಾ ಗೆದ್ದದ್ದು ಅವರ ಮುಂದಿನ ಸಾಲು ಬ್ಲಾಕ್‌ಗಳನ್ನು ಒಡೆದದ್ದರಿಂದ. ನಡುವೆ ಫುಲ್‌ಬ್ಯಾಕ್ ನಿಂತುಬಿಟ್ಟರೆ ಟ್ರಿಪಲ್ ಎನ್ನುವುದು ಉಳಿಯುವುದಿಲ್ಲ. ಡೈವ್ ಅನ್ನು ಇಬ್ಬರೇ ನಿಲ್ಲಿಸಬಲ್ಲರೇ ಎಂಬುದು ಶುಕ್ರವಾರದ ನಿಜವಾದ ಪ್ರಶ್ನೆ. ಮೂರನೆಯವನ ಸಹಾಯ ಬೇಕಾಯಿತೋ, ಅವನು ಬಿಟ್ಟುಬಂದ ಜಾಗದಲ್ಲಿ ಓಟ.

ಕಾಫಿ ತೋಟ:
ಈ ಕೊನೆಯ ಸಾಲಿಗೆ ನನ್ನ ಪೂರ್ಣ ಸಹಮತ. ಮುಂದಿನ ಸಾಲಿನ ಒಳಗಿನವನಾದ ಟ್ಯಾಕಲ್‌ನನ್ನೇ ಓದುವ ಮಿಡ್‌ಲೈನ್ ಆಟವೂ ಇದೆ, ಅದಕ್ಕೂ ಮುಂದಿನ ಸಾಲು ತಯಾರಿರಬೇಕು.

ಸೀಟಿ:
ಅಭ್ಯಾಸದ ಬಗ್ಗೆ ಒಂದು ಮಾತು. ಎರಡನೇ ದರ್ಜೆಯ ತಂಡದಿಂದ ಆಪ್ಷನ್ ಆಡಿಸಿ ಅಭ್ಯಾಸ ಮಾಡಿದರೆ ವೇಗ ಸಿಗುವುದಿಲ್ಲ, ಆ ಹುಡುಗರು ಅದನ್ನು ಎಂದೂ ಆಡಿದವರಲ್ಲ. ಕೆಲವು ಕೋಚ್‌ಗಳು ಚೆಂಡಿಲ್ಲದೇ ಆಡಿಸುತ್ತಾರೆ. ಫುಲ್‌ಬ್ಯಾಕ್ ನುಗ್ಗುತ್ತಾನೆ, ಕ್ವಾರ್ಟರ್‌ಬ್ಯಾಕ್ ತಿರುಗುತ್ತಾನೆ, ಪಿಚ್‌ನವನು ಓಡುತ್ತಾನೆ, ಯಾರ ಕೈಯಲ್ಲೂ ಚೆಂಡಿಲ್ಲ. ಡಿಫೆನ್ಸ್ ಪ್ರತಿ ಸಲವೂ ಮೂವರನ್ನೂ ಕೆಡವಬೇಕು. ನೋಡಲು ಚೆಂಡೇ ಇಲ್ಲದಿದ್ದಾಗ ಕಣ್ಣು ಎಲ್ಲಿರಬೇಕೋ ಅಲ್ಲಿಗೆ ಬರುತ್ತದೆ. ಎರಡು ಸಂಜೆ ಇದನ್ನೇ ಮಾಡಿಸಿದ ತಂಡಗಳು ಮೈದಾನದಲ್ಲಿ ಬೇರೆಯೇ ಕಾಣುತ್ತವೆ.

ಸುಮಾ, ಡಲ್ಲಾಸ್:
ಇದು ಮೂರು ಸಂಜೆಯಲ್ಲಿ ಆಗುವ ಕೆಲಸ. ಹೇಮಾವತಿ ಅಣ್ಣ, ಇದನ್ನು ಕೋಚ್‌ಗೆ ಹೇಳಿ.

ನೇವಿ ಅಭಿಮಾನಿ:
ತಡವಾಗಿ ಬಂದೆ. ಡಿಫೆನ್ಸ್ ಬಗ್ಗೆ ಇಷ್ಟೆಲ್ಲ ಮಾತಾಡಿ ನಿಮ್ಮದೇ ಆಕ್ರಮಣವನ್ನು ಮರೆತಿರಿ. 2018ರಲ್ಲಿ ಆಪ್ಷನ್ ಆಡುತ್ತಿದ್ದ ಆರ್ಮಿ (ಭೂಸೇನೆಯ ಕಾಲೇಜು) ತಂಡ ಒಕ್ಲಹೋಮಾಕ್ಕೆ ಹೋಯಿತು. ಕೈಲರ್ ಮರ್ರೆಯಂಥ ಕ್ವಾರ್ಟರ್‌ಬ್ಯಾಕ್ ಇದ್ದ ಒಕ್ಲಹೋಮಾ ಓವರ್‌ಟೈಮ್‌ನಲ್ಲಿ 28-21ಕ್ಕೆ ಗೆದ್ದು ಉಸಿರುಬಿಟ್ಟಿತು. ಕಾರಣ, ಆರ್ಮಿ ಚೆಂಡನ್ನು 44 ನಿಮಿಷಕ್ಕೂ ಹೆಚ್ಚು ಹೊತ್ತು ಇಟ್ಟುಕೊಂಡಿತ್ತು. ಮರ್ರೆ ಬೆಂಚಿನ ಮೇಲೆ ಕುಳಿತಿದ್ದರೆ ಏನು ತಾನೇ ಮಾಡಿಯಾನು? ನಿಮಗೆ ಚೆಂಡು ಸಿಗುವ ಸರದಿಗಳೇ ಕಡಿಮೆ, ಸಿಕ್ಕಿದ್ದರಲ್ಲಿ ಅಂಕ ಗಳಿಸಲೇಬೇಕು. ಎರಡು ಟಚ್‌ಡೌನ್ ಹಿಂದೆ ಬಿದ್ದ ಆಪ್ಷನ್ ತಂಡಕ್ಕೆ ಗಡಿಯಾರವೇ ಶತ್ರು.

2024ರಲ್ಲಿ ನೋಟರ್ ಡೇಮ್ ಅದನ್ನೇ ಮಾಡಿತು. ನೇವಿಯನ್ನು (ನೌಕಾಪಡೆಯ ಕಾಲೇಜು) 51-14ರಿಂದ, ಆರ್ಮಿಯನ್ನು 49-14ರಿಂದ ಸೋಲಿಸಿತು. ಆ ವರ್ಷ ಆರ್ಮಿ ತನ್ನ ಕಾನ್ಫರೆನ್ಸ್ (ಲೀಗ್) ಗೆದ್ದ ತಂಡ, ಸಾಮಾನ್ಯದ್ದಲ್ಲ. ಅದೇ ನೋಟರ್ ಡೇಮ್ 2007ರಲ್ಲಿ ನಮ್ಮ ನೇವಿ ಎದುರು ಮೂರು ಓವರ್‌ಟೈಮ್ ಆಡಿ 46-44ಕ್ಕೆ ಸೋತಿತ್ತು. ಸತತ 43 ಸೋಲಿನ ನಂತರ ನಮಗೆ ಸಿಕ್ಕ ಗೆಲುವು! ಪಂದ್ಯ ಹತ್ತಿರದಲ್ಲೇ ಉಳಿದರೆ ಅದು ಆಪ್ಷನ್ ತಂಡದ ಕೈಯಲ್ಲಿದೆ ಎಂದೇ ತಿಳಿಯಿರಿ.

ಬಿಸಿಲುನಾಡು:
ಮೂರನೇ ಡೌನ್‌ನಲ್ಲಿ (ಹತ್ತು ಗಜಕ್ಕೆ ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು) ನಾಲ್ಕು ಗಜ ಬೇಕಿದ್ದರೆ ಪಾಸ್ ನಿರೀಕ್ಷಿಸಬೇಕೇ?

ನೇವಿ ಅಭಿಮಾನಿ:
ಬೇಡ. ಅವರಿಗೆ ನಾಲ್ಕನೇ ಡೌನ್ ಕೂಡ ಆಡುವ ಡೌನ್. ಮೂರರಲ್ಲಿ ಎರಡು ಗಜ ಕೊಟ್ಟು "ನಿಲ್ಲಿಸಿದೆವು" ಎಂದು ಸಂಭ್ರಮಿಸುವ ಹುಡುಗರನ್ನು ಎಷ್ಟೋ ಸಲ ನೋಡಿದ್ದೇನೆ. ಚೆಂಡನ್ನು ದೂರಕ್ಕೆ ಒದ್ದು ಬಿಟ್ಟುಕೊಡುವ ಪಂಟ್ ತಂಡ ಮೈದಾನಕ್ಕೆ ಬರುವುದೇ ಇಲ್ಲ, ಅವರು ಮತ್ತೆ ಸಾಲು ಕಟ್ಟಿರುತ್ತಾರೆ. ನಿಜವಾದ ಹೋರಾಟ ಮೊದಲ ಡೌನ್‌ನಲ್ಲಿ. ಅಲ್ಲಿ ಒಂದು ಗಜಕ್ಕೆ ತಡೆದರೆ ಇಡೀ ಸರದಿ ಅವರಿಗೆ ಇಕ್ಕಟ್ಟು.

ಹೇಮಾವತಿ ತೀರ (ಅಟ್ಲಾಂಟಾ):
ಚೆಂಡಿಲ್ಲದ ಅಭ್ಯಾಸದ ವಿಚಾರವನ್ನು ಕೋಚ್‌ಗೆ ಬರೆದಿದ್ದೆ. ನಾಳೆಯಿಂದ ಮಾಡಿಸುವುದಾಗಿ ಉತ್ತರಿಸಿದ್ದಾರೆ. ಸ್ಕ್ರೇಪ್ ಒಂದನ್ನು ಮಾತ್ರ ಸೇರಿಸುತ್ತಾರಂತೆ, ಅದೂ ಎರಡನೇ ಅರ್ಧದಲ್ಲಿ.

ಕಾಫಿ ತೋಟ:
ಎರಡನೇ ಅರ್ಧದವರೆಗೆ ಕಾಯಬೇಡಿ. ಮೊದಲ ಸರದಿಯಲ್ಲೇ ಒಂದು ಸಲ ತೋರಿಸಲು ಹೇಳಿ, ಆ ಹುಡುಗ ಉಳಿದ ಪಂದ್ಯವಿಡೀ ಅದನ್ನೇ ಹುಡುಕುತ್ತಾ ಆಡಲಿ.

ಟೆಕ್ಸಾಸ್ ಕನ್ನಡಿಗ:
ಮೊದಲ ಸರದಿಯಲ್ಲಿ ಹೊಣೆ ಗಟ್ಟಿಯಾಗಲಿ, ಆಮೇಲೆ ಚಿತ್ರ. ಈ ಬಾರಿ ಕೋಚ್ ನನ್ನ ಕಡೆ.